ಕಾಲು ಮಾತ್ರೆ ಅಷ್ಟೇ ಕೊಟ್ಟಿದ್ದು: ನಮ್ಮ ಮನೆಯ ಔಷಧಿ ಬೆಕ್ಕಿಗೆ ಯಾಕೆ ವಿಷ?

ಪ್ರಶ್ನೆ:

"ಡಾಕ್ಟ್ರೇ, ನಮ್ಮದು ಕೊಪ್ಪದ ಹತ್ತಿರ ತೋಟದ ಮನೆ. ಎರಡು ಬೆಕ್ಕುಗಳಿವೆ. ಹೋದ ತಿಂಗಳು ನಾಲ್ಕು ವರ್ಷದ ಚಿಂಗಿ ಎರಡು ದಿನ ಮನೆಗೆ ಬರಲಿಲ್ಲ. ಮೂರನೇ ದಿನ ಮಳೆಯಲ್ಲಿ ನೆನೆದು ಬಂತು. ಊಟ ಮುಟ್ಟಲಿಲ್ಲ, ಒಲೆ ಪಕ್ಕ ಮುದುಡಿಕೊಂಡು ಮಲಗಿತು. ಮೈ ಮುಟ್ಟಿದರೆ ಬಿಸಿ. ಜ್ವರ ಅಂದುಕೊಂಡು ಸಂಜೆ ಡೋಲೊ 650 ಮಾತ್ರೆಯ ಕಾಲು ಭಾಗ ಹಾಲಿನಲ್ಲಿ ಕದಡಿ ಕುಡಿಸಿದೆ. ಅರ್ಧ ಚೆಲ್ಲಿಹೋಯಿತು. ಬೆಳಗ್ಗೆ ನೋಡಿದರೆ ಮುಖ ಊದಿತ್ತು, ಜೊಲ್ಲು ಸುರಿಯುತ್ತಿತ್ತು, ವಸಡು ಕಾಫಿ ಬಣ್ಣಕ್ಕೆ ತಿರುಗಿತ್ತು. ಚಿಕ್ಕಮಗಳೂರಿಗೆ ಕರೆದೊಯ್ದೆವು. ನಾಲ್ಕು ದಿನ ಚಿಕಿತ್ಸೆಯಾಯಿತು, ಉಳಿಯಿತು. ಬಾಲದ ಬುಡದಲ್ಲಿ ಬೇರೆ ಬೆಕ್ಕು ಕಚ್ಚಿ ಕೀವು ಕಟ್ಟಿತ್ತಂತೆ. ತೂಕ ಮೂರೂವರೆ ಕೆ.ಜಿ. ಇತ್ತು.

ಕಾಲು ಮಾತ್ರೆಯಿಂದ ಇಷ್ಟೆಲ್ಲ ಆಗುತ್ತಾ? 'ಮೊದಲೆಲ್ಲ ನಾವೂ ಕೊಟ್ಟಿದ್ದೇವೆ, ಏನೂ ಆಗಿಲ್ಲ' ಅಂತಾರೆ ನಮ್ಮತ್ತೆ. ಅವರು ಮಂಡಿನೋವಿಗೆ ದಿನಾ ಜೆಲ್ ಹಚ್ಚಿಕೊಳ್ಳುತ್ತಾರೆ, ಚಿಂಗಿ ಮಲಗುವುದು ಅವರ ಮಡಿಲಲ್ಲೇ. ಅದೂ ತೊಂದರೆಯಾ? ಉಣುಗು ಹತ್ತಿದಾಗ ದನಕ್ಕೆ ಹೊಡೆಯುವ ಔಷಧಿಯನ್ನೋ, ಮಂಗನ ಕಾಯಿಲೆ ಅಂತ ನಮಗೆ ಹಚ್ಚಿಕೊಳ್ಳಲು ಕೊಡುವ ಡೆಪಾ ಎಣ್ಣೆಯನ್ನೋ ಬೆಕ್ಕಿಗೆ ಹಚ್ಚಬಹುದಾ? ಮನೆಯಲ್ಲಿ ಬೆಕ್ಕಿಗೆ ಅಂತ ಯಾವ ಔಷಧಿ ಇಟ್ಟುಕೊಳ್ಳಬಹುದು? ನನ್ನ ಕೈಯಿಂದಲೇ ಹೀಗಾಯಿತಲ್ಲ ಅಂತ ನಿದ್ದೆ ಬರುತ್ತಿಲ್ಲ."

ಉತ್ತರ:

ಮೊದಲು ನಿಮ್ಮ ಕೊನೆಯ ಸಾಲಿಗೆ ಉತ್ತರ ಕೊಡುತ್ತೇನೆ. ನೀವು ಆಸ್ಪತ್ರೆಗೆ ಹೋದ ತಕ್ಷಣ "ಡೋಲೊ ಕೊಟ್ಟಿದ್ದೆ" ಅಂತ ಹೇಳಿದ್ದೀರಿ ಅನ್ನುವುದು ನಾಲ್ಕು ದಿನದ ಆ ಚಿಕಿತ್ಸೆಯಿಂದಲೇ ಗೊತ್ತಾಗುತ್ತದೆ. ಚಿಂಗಿ ಉಳಿದದ್ದು ಆ ಒಂದು ಮಾತಿನಿಂದ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ನಾನು ಕೆಲಸ ಮಾಡಿದ್ದೇನೆ. ಎಷ್ಟೋ ಜನ ಇದನ್ನು ಹೇಳುವುದಿಲ್ಲ. ಬೈಯುತ್ತಾರೆ ಅನ್ನುವ ಭಯ, ನಾಚಿಕೆ. "ಏನೂ ಕೊಟ್ಟಿಲ್ಲ ಸಾರ್, ಸುಮ್ನೆ ಹೀಗಾಯ್ತು" ಅಂದುಬಿಡುತ್ತಾರೆ. ನಾನು ವೃತ್ತಿಗೆ ಬಂದ ಹೊಸತರಲ್ಲಿ ಇದೇ ಥರ ಮುಖ ಊದಿದ ಒಂದು ಬೆಕ್ಕು ಬಂದಿತ್ತು. ಹಾವು ಕಚ್ಚಿರಬೇಕು ಅಂದುಕೊಂಡು ಕಡಿತದ ಗುರುತು ಹುಡುಕುತ್ತಾ ಕೂತೆ. ಬೆಕ್ಕು ಸತ್ತ ಮೇಲೆ ಆ ಮನೆಯ ಅಜ್ಜಿ ಮೆಲ್ಲಗೆ ಹೇಳಿದರು, ರಾತ್ರಿ ಅರ್ಧ ಮಾತ್ರೆ ಹಾಕಿದ್ದೆ ಅಂತ. ಕೇಳಬೇಕಾದ ರೀತಿಯಲ್ಲಿ ನಾನು ಕೇಳಿರಲಿಲ್ಲ. ಅವತ್ತಿನಿಂದ ಬೆಕ್ಕನ್ನು ಮೇಜಿನ ಮೇಲೆ ಇಡುವ ಮೊದಲೇ ಕೇಳುತ್ತೇನೆ: "ಮನೆಯಲ್ಲಿ ಏನು ಕೊಟ್ರಿ? ಹೇಳಿ, ನಾನು ಬೈಯಲ್ಲ."

ಈಗ ಕಾಲು ಮಾತ್ರೆಯ ಲೆಕ್ಕ. ಡೋಲೊ 650ರಲ್ಲಿ ಇರುವುದು 650 ಮಿಲಿಗ್ರಾಂ ಪ್ಯಾರಾಸಿಟಮಾಲ್. ಕಾಲು ಭಾಗ ಅಂದರೆ 160 ಮಿ.ಗ್ರಾಂ. ಮೇಲೆ. ಮೂರೂವರೆ ಕೆ.ಜಿ. ಬೆಕ್ಕಿಗೆ ಅದು ಕೆ.ಜಿ.ಗೆ ಸುಮಾರು 46 ಮಿ.ಗ್ರಾಂ. ಅರ್ಧ ಚೆಲ್ಲಿತು ಅಂತ ಹಿಡಿದರೂ 23. ಅದೇ 60 ಕೆ.ಜಿ. ತೂಕದ ಮನುಷ್ಯ ಇಡೀ ಮಾತ್ರೆ ನುಂಗಿದರೆ ಕೆ.ಜಿ.ಗೆ ಬೀಳುವುದು 11 ಮಿ.ಗ್ರಾಂ. ಮಾತ್ರ. ನೀವು ಕೊಟ್ಟದ್ದು ಕಣ್ಣಿಗೆ ಚಿಕ್ಕ ಚೂರು, ಚಿಂಗಿಯ ಮೈಗೆ ನಮ್ಮ ಡೋಸಿಗಿಂತ ಎಷ್ಟೋ ಜಾಸ್ತಿ. ಬೆಕ್ಕುಗಳಲ್ಲಿ ಕೆ.ಜಿ.ಗೆ 10 ಮಿ.ಗ್ರಾಂ. ಹೋದರೂ ವಿಷವಾದ ಉದಾಹರಣೆಗಳಿವೆ. ಹಾಗಾಗಿ ಬೆಕ್ಕಿಗೆ ಪ್ಯಾರಾಸಿಟಮಾಲ್‌ನ ಸುರಕ್ಷಿತ ಡೋಸ್ ಅಂತ ಒಂದಿಲ್ಲ. ಮಕ್ಕಳ ಸಿರಪ್ ಆದರೆ ಪರವಾಗಿಲ್ಲ ಅನ್ನುವವರೂ ಇದ್ದಾರೆ. 5 ಮಿ.ಲೀ.ಗೆ 120 ಮಿ.ಗ್ರಾಂ. ಇರುವ ಸಿರಪ್ಪನ್ನು ಒಂದು ಚಮಚ ಕುಡಿಸಿದರೂ ಚಿಂಗಿಗೆ ಕೆ.ಜಿ.ಗೆ 34 ಮಿ.ಗ್ರಾಂ. ಹೋಗುತ್ತದೆ. ನೆಗಡಿ ಮಾತ್ರೆಗಳಲ್ಲಿ, ಮೈಕೈ ನೋವಿನ ಮಾತ್ರೆಗಳಲ್ಲಿ ಇದೇ ಪ್ಯಾರಾಸಿಟಮಾಲ್ ಬೇರೆ ಹೆಸರಿನ ಹಿಂದೆ ಕೂತಿರುತ್ತದೆ. ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿದರೆ ಕಾಣುತ್ತದೆ.

ಇಷ್ಟು ಸಣ್ಣ ಪ್ರಮಾಣ ಯಾಕೆ ತಡೆಯುವುದಿಲ್ಲ? ನಾವು ನುಂಗಿದ ಪ್ಯಾರಾಸಿಟಮಾಲ್ ಲಿವರ್‌ಗೆ ಹೋಗುತ್ತದೆ. ಅಲ್ಲಿ ಅದಕ್ಕೆ ಗ್ಲುಕುರೊನಿಕ್ ಆಮ್ಲ ಅನ್ನುವ, ಸಕ್ಕರೆಯ ಜಾತಿಯ ಒಂದು ವಸ್ತುವನ್ನು ಅಂಟಿಸಿ ಮೂತ್ರದಲ್ಲಿ ಹೊರಗೆ ಕಳಿಸುವ ವ್ಯವಸ್ಥೆ ಇದೆ. ಬೆಕ್ಕಿನಲ್ಲಿ ಈ ಅಂಟಿಸುವ ಕೆಲಸ ಮಾಡುವ ಜೀನ್ ಕೆಟ್ಟುಹೋಗಿದೆ. ನಮ್ಮ ಭದ್ರಾ ಕಾಡಿನ ಹುಲಿ, ಚಿರತೆಗೂ ಇದೇ ಕಥೆ. ಇಡೀ ಬೆಕ್ಕಿನ ಕುಲಕ್ಕೇ ಬಂದ ಕೊರತೆ ಇದು. ತಲೆತಲಾಂತರದಿಂದ ಮಾಂಸವನ್ನೇ ತಿಂದುಕೊಂಡು ಬಂದ ಪ್ರಾಣಿಗೆ ಸೊಪ್ಪುಸದೆಯ ವಿಷ ಕರಗಿಸುವ ಕೆಲಸವೇ ಇರಲಿಲ್ಲ, ಅದಕ್ಕೇ ಆ ಜೀನ್ ಕಳೆದುಹೋದರೂ ಅವು ಬದುಕಿಕೊಂಡವು ಅಂತ ವಿಜ್ಞಾನಿಗಳು ಹೇಳುತ್ತಾರೆ.

ದಾರಿ ಮುಚ್ಚಿದ್ದರಿಂದ ಪ್ಯಾರಾಸಿಟಮಾಲ್ ಬೇರೆ ದಾರಿ ಹಿಡಿಯುತ್ತದೆ. ಅಲ್ಲಿ ಅದು ನಿಜವಾದ ವಿಷವಾಗಿ ಬದಲಾಗುತ್ತದೆ. ಅದನ್ನು ತಡೆಯಲು ಬೆಕ್ಕಿನ ಮೈಯಲ್ಲಿರುವ ಗ್ಲುಟಾಥಯೋನ್ ಅನ್ನುವ ವಸ್ತು ಬೇಗ ಖಾಲಿಯಾಗುತ್ತದೆ. ಮನುಷ್ಯರಲ್ಲಿ ಡೋಸ್ ಜಾಸ್ತಿಯಾದರೆ ಮುಖ್ಯವಾಗಿ ಲಿವರ್ ಹಾಳಾಗುತ್ತದೆ. ಬೆಕ್ಕಿನಲ್ಲಿ ಮೊದಲು ಕೆಡುವುದು ರಕ್ತ. ರಕ್ತದ ಕೆಂಪು ಬಣ್ಣ ಕಂದಾಗುತ್ತದೆ. ಹಾಗಾದ ರಕ್ತ ಆಮ್ಲಜನಕ ಹೊರುವುದಿಲ್ಲ. ಬೆಕ್ಕು ಉಸಿರಾಡುತ್ತಲೇ ಇರುತ್ತದೆ, ಆದರೆ ಆ ಉಸಿರು ಮೈಗೆ ತಲುಪುವುದಿಲ್ಲ.

ನೀವು ನೋಡಿದ ಕಾಫಿ ಬಣ್ಣದ ವಸಡು ಅದೇ. ಆಸ್ಪತ್ರೆಯಲ್ಲಿ ನಾವು ಒಂದು ಸಣ್ಣ ಪರೀಕ್ಷೆ ಮಾಡುತ್ತೇವೆ. ಬಿಳಿ ಟಿಶ್ಯೂ ಕಾಗದದ ಮೇಲೆ ಆ ಬೆಕ್ಕಿನ ಒಂದು ಹನಿ ರಕ್ತ, ಪಕ್ಕದಲ್ಲಿ ಚೆನ್ನಾಗಿರುವ ಇನ್ನೊಂದು ಬೆಕ್ಕಿನ ಒಂದು ಹನಿ. ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟರೆ ಚೆನ್ನಾಗಿರುವ ಹನಿ ಕುಂಕುಮದ ಹಾಗೆ ಕೆಂಪಾಗುತ್ತದೆ. ವಿಷ ತಗುಲಿದ ಹನಿ ಕಂದಾಗಿಯೇ ಉಳಿಯುತ್ತದೆ, ಗಟ್ಟಿ ಡಿಕಾಕ್ಷನ್ ಚೆಲ್ಲಿದ ಕಲೆಯ ಹಾಗೆ. ಎಷ್ಟು ಸಲ ನೋಡಿದರೂ ಆ ಎರಡು ಹನಿ ನನ್ನ ಹೊಟ್ಟೆ ಕಿವುಚುತ್ತವೆ.

ಇದಕ್ಕೆ ಔಷಧಿ ಇದೆ. ಹೆಸರು ಅಸಿಟೈಲ್‌ಸಿಸ್ಟೀನ್. ಮನುಷ್ಯರಿಗೆ ಕಫ ಕರಗಿಸಲು ಕೊಡುವುದೂ ಇದನ್ನೇ. ಖಾಲಿಯಾದ ಗ್ಲುಟಾಥಯೋನ್ ಮತ್ತೆ ತುಂಬಿಕೊಳ್ಳಲು ಇದು ಸಹಾಯ ಮಾಡುತ್ತದೆ. ಕೆಲವು ಗಂಟೆಗಳಿಗೊಮ್ಮೆ, ತೂಕ ನೋಡಿ, ಹಲವು ಸಲ ಕೊಡಬೇಕು. ಜೊತೆಗೆ ಆಮ್ಲಜನಕ, ಡ್ರಿಪ್, ಕೆಲವೊಮ್ಮೆ ರಕ್ತವೂ ಬೇಕು. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಇದನ್ನು ಓದಿ ಯಾರೂ ಮೆಡಿಕಲ್ ಶಾಪಿನಿಂದ ತಂದು ಮನೆಯಲ್ಲೇ ಕುಡಿಸಲು ಹೋಗಬೇಡಿ. ಗಂಧಕದ ವಾಸನೆಗೆ ಬೆಕ್ಕು ನೊರೆ ಉಗುಳುತ್ತದೆ, ಒಳಗೆ ಎಷ್ಟು ಹೋಯಿತು ಅನ್ನುವುದೇ ತಿಳಿಯುವುದಿಲ್ಲ.

ಇನ್ನು ಜ್ವರದ ವಿಷಯ. ಈ ಎಡವಟ್ಟು ಶುರುವಾಗುವುದೇ ಇಲ್ಲಿಂದ. ಬೆಕ್ಕಿನ ಮೈ ನಮ್ಮ ಕೈಗೆ ಯಾವಾಗಲೂ ಬಿಸಿಯೇ. ಅದರ ಮಾಮೂಲಿ ತಾಪ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮಗೆ 101 ಬಂದರೆ ಹೊದ್ದು ಮಲಗುತ್ತೇವೆ, ಬೆಕ್ಕು 101ರಲ್ಲಿ ಇಲಿ ಹಿಡಿಯುತ್ತಿರುತ್ತದೆ. ಅದರಲ್ಲೂ ಒಲೆ ಪಕ್ಕ ಮಲಗಿದ್ದ ಬೆಕ್ಕನ್ನು ಕೈಯಿಂದ ಮುಟ್ಟಿ ಜ್ವರ ಹೇಳಲು ನನಗೂ ಆಗುವುದಿಲ್ಲ. ಚಿಂಗಿಗೆ ನಿಜವಾಗಿಯೂ ಜ್ವರ ಇದ್ದಿರಬಹುದು, ಕೀವು ಕಟ್ಟಿತ್ತಲ್ಲ. ಆದರೂ ಅದಕ್ಕೆ ಬೇಕಿದ್ದದ್ದು ಕೀವು ತೆಗೆದು ತೊಳೆಯುವುದು, ಆಂಟಿಬಯೋಟಿಕ್. ಎರಡು ದಿನ ಕಾಣೆಯಾಗಿ ಬಂದ ಬೆಕ್ಕು ಊಟ ಬಿಟ್ಟರೆ ಮೊದಲು ಮೈಯೆಲ್ಲ ಸವರಿ ನೋಡಿ. ಬಾಲದ ಬುಡ, ಕೆನ್ನೆ, ಮುಂಗಾಲು. ಕೂದಲಿನ ಅಡಿಯಲ್ಲಿ ಮೆತ್ತಗಿನ ಊತ ಸಿಕ್ಕರೆ, ಮುಟ್ಟಿದಾಗ ಬೆಕ್ಕು ಗುರ್ ಅಂದರೆ, ಹತ್ತಕ್ಕೆ ಎಂಟು ಸಲ ಅದು ಜಗಳದ ಗಾಯ.

ನಿಮ್ಮತ್ತೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ. ಕೊಟ್ಟದ್ದು ಹೌದು, ಏನೂ ಆಗಿದ್ದು ಕಾಣಲಿಲ್ಲ ಅನ್ನುವುದೂ ಹೌದು. ಆದರೆ ಮಾತ್ರೆ ಕಹಿ. ಬೆಕ್ಕು ಕೆನ್ನೆಯ ಪಕ್ಕ ಇಟ್ಟುಕೊಂಡು ಆಮೇಲೆ ಹಿತ್ತಲಲ್ಲಿ ಉಗಿದಿರಬಹುದು. ಇನ್ನೊಂದು ಮಾತು ಹೇಳಲು ಸಂಕಟ. ಕಾಯಿಲೆಯಾದ ಬೆಕ್ಕು ನಮ್ಮೆದುರು ನರಳುವುದಿಲ್ಲ, ಕಟ್ಟಿಗೆ ರಾಶಿ ಹಿಂದೆಯೋ, ಅಟ್ಟದ ಮೇಲೋ ಹೋಗಿ ಅಡಗುತ್ತದೆ. "ಆ ಬೆಕ್ಕು ಎಲ್ಲೋ ಹೊರಟುಹೋಯ್ತು" ಅಂತ ನಾವು ಅಂದುಕೊಂಡ ಬೆಕ್ಕುಗಳಲ್ಲಿ ಕೆಲವು ಎಲ್ಲಿಗೂ ಹೋಗಿರಲಿಲ್ಲ.

ಮಂಡಿನೋವಿನ ಜೆಲ್ ಬಗ್ಗೆ ನೀವು ಕೇಳಿದ್ದು ಒಳ್ಳೆಯದಾಯಿತು. ಇದನ್ನು ಕೇಳುವವರು ಕಡಿಮೆ. ಬೆಕ್ಕಿಗೆ ವಿಷ ಹೋಗಲು ಬಾಯಿಗೇ ಹಾಕಬೇಕು ಅಂತ ಇಲ್ಲ. ಅದರ ಮೈಗೆ ಏನು ಅಂಟಿದರೂ ಅದು ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ. ಅಂದರೆ ಬೆಕ್ಕಿನ ಕೂದಲಿಗೆ ಹತ್ತಿದ್ದು ಹೊಟ್ಟೆಗೆ ಹೋದ ಹಾಗೆಯೇ ಲೆಕ್ಕ. ನಾಯಿಗೂ ಬೆಕ್ಕಿಗೂ ಇರುವ ದೊಡ್ಡ ವ್ಯತ್ಯಾಸ ಇದು.

ನಮ್ಮಲ್ಲಿ ಸಿಗುವ ಹಲವು ನೋವಿನ ಜೆಲ್‌ಗಳಲ್ಲಿ ಡೈಕ್ಲೋಫಿನ್ಯಾಕ್ ಇರುತ್ತದೆ, ಜೊತೆಗೆ ನೂರಕ್ಕೆ 10 ಭಾಗ ಮೀಥೈಲ್ ಸ್ಯಾಲಿಸಿಲೇಟ್, ಮೆಂಥಾಲ್. ಡೈಕ್ಲೋಫಿನ್ಯಾಕ್ ಬೆಕ್ಕಿನ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿಗೆ ರಕ್ತ ಹೋಗುವುದನ್ನು ಕಡಿಮೆ ಮಾಡುತ್ತದೆ. ಸ್ಯಾಲಿಸಿಲೇಟ್ ಅಂದರೆ ಆಸ್ಪಿರಿನ್‌ನ ಅಣ್ಣತಮ್ಮ. ಆಸ್ಪಿರಿನ್ ನಮ್ಮ ಮೈಯಲ್ಲಿ ಕೆಲವೇ ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಬೆಕ್ಕಿನಲ್ಲಿ ಅಷ್ಟು ಇಳಿಯಲು ಸುಮಾರು 40 ಗಂಟೆ ಬೇಕು. ಹಾಗಾಗಿ ದಿನಾ ಸ್ವಲ್ಪ ಸ್ವಲ್ಪ ನೆಕ್ಕಿದರೆ ಮೈಯಲ್ಲಿ ಕೂಡುತ್ತಾ ಹೋಗುತ್ತದೆ. 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದೇ ವಿಷಯಕ್ಕೆ ಎಚ್ಚರಿಕೆ ಕೊಟ್ಟಿತ್ತು. ಎರಡು ಮನೆಗಳಲ್ಲಿ ಯಜಮಾನರು ತಮ್ಮ ನೋವಿಗೆ ಫ್ಲರ್ಬಿಪ್ರೊಫೆನ್ ಅನ್ನುವ ಮುಲಾಮು ಹಚ್ಚಿಕೊಂಡಿದ್ದರು. ಬೆಕ್ಕಿಗೆ ಹಚ್ಚಿರಲಿಲ್ಲ. ಆದರೂ ಬೆಕ್ಕುಗಳಿಗೆ ಕಾಯಿಲೆಯಾಯಿತು, ಕೆಲವು ಸತ್ತವು.

ಹಾಗಂತ ಅತ್ತೆಯವರು ನೋವು ತಿನ್ನಬೇಕಾಗಿಲ್ಲ, ಚಿಂಗಿಯನ್ನು ಮಡಿಲಿನಿಂದ ಓಡಿಸಬೇಕಾಗಿಯೂ ಇಲ್ಲ. ಬೆಕ್ಕು ಹೊರಗೆ ಇರುವ ಹೊತ್ತಿಗೆ ಹಚ್ಚಿಕೊಳ್ಳಲಿ. ಕೈಯನ್ನು ಸೋಪಿನಿಂದ ತೊಳೆಯಲಿ. ಮಂಡಿಗೆ ಒಂದು ಹಳೆಯ ಹತ್ತಿ ಬಟ್ಟೆ ಸುತ್ತಿಕೊಂಡು ಮೇಲೆ ಸೀರೆ ಬಿಡಲಿ, ಆ ಬಟ್ಟೆಯನ್ನು ಬೆಕ್ಕು ಮಲಗುವ ಜಾಗದಲ್ಲಿ ಬಿಡದೆ ಒಗೆಯಲು ಹಾಕಲಿ. ಸ್ವಲ್ಪ ಅಪಾಯ ಆಗಲೂ ಉಳಿಯುತ್ತದೆ. ಪೂರ್ತಿ ಬೇಡ ಅನ್ನಿಸಿದರೆ ಬಿಸಿನೀರಿನ ಶಾಖ, ಅಥವಾ ಅವರ ಡಾಕ್ಟರನ್ನು ಕೇಳಿ ಬೇರೆ ಉಪಾಯ.

ಇಬುಪ್ರೊಫೆನ್ ಇರುವ ಮಾತ್ರೆಗಳೂ ಇದೇ ಗುಂಪಿಗೆ ಸೇರಿದವು. ಕಾಂಬಿಫ್ಲಾಮ್‌ನಂಥ ಮಾತ್ರೆಯಲ್ಲಿ ಇಬುಪ್ರೊಫೆನ್, ಪ್ಯಾರಾಸಿಟಮಾಲ್ ಎರಡೂ ಇವೆ, ಬೆಕ್ಕಿಗೆ ಎರಡು ಕಡೆಯಿಂದ ಪೆಟ್ಟು. ಇಲ್ಲಿ ಒಂದು ಗೊಂದಲ ಬಗೆಹರಿಸಬೇಕು. "ನೋವಿಗೆ ನೀವೇ ಮೆಲಾಕ್ಸಿಕ್ಯಾಮ್ ಕೊಟ್ಟಿದ್ರಲ್ಲ ಸಾರ್" ಅಂತ ಕೇಳುತ್ತಾರೆ. ಹೌದು, ಕೊಡುತ್ತೇವೆ. ತೂಕ ನೋಡಿ, ನೀರಿನಂಶ ಕಡಿಮೆಯಾಗಿಲ್ಲ ಅಂತ ಖಾತ್ರಿ ಮಾಡಿಕೊಂಡು, ತುಂಬಾ ಸಣ್ಣ ಡೋಸ್. ಅದನ್ನೇ ಮತ್ತೆ ಮತ್ತೆ ಕೊಟ್ಟರೆ ಬೆಕ್ಕಿನ ಕಿಡ್ನಿ ಕೈಕೊಟ್ಟು ಸಾಯಬಹುದು ಅಂತ 2010ರಿಂದ ಅಮೆರಿಕದಲ್ಲಿ ಆ ಔಷಧಿಯ ಮೇಲೇ ಎಚ್ಚರಿಕೆ ಅಚ್ಚು ಹಾಕುತ್ತಾರೆ. ಹೋದ ಸಲ ಉಳಿದದ್ದನ್ನು ಈ ಸಲ ನೀವೇ ಹಾಕುವುದು ಬೇಡ.

ಉಣುಗಿನ ಔಷಧಿಗೆ ಬರೋಣ. ಮಲೆನಾಡಿನಲ್ಲಿ ನಾನು ನೋಡಿದ ಬೆಕ್ಕಿನ ವಿಷಗಳಲ್ಲಿ ಮಾತ್ರೆಯಷ್ಟೇ ಜಾಸ್ತಿ ಇದೂ ಇದೆ. ದನಕ್ಕೆ ಹೊಡೆಯುವ ಔಷಧಿಗಳಲ್ಲಿ ಡೆಲ್ಟಾಮೆತ್ರಿನ್ ಅಥವಾ ಸೈಪರ್‌ಮೆತ್ರಿನ್ ಇರುತ್ತದೆ. ನಾಯಿಯ ಕೆಲವು ಪೌಡರ್, ಕತ್ತಿನ ಹಿಂದೆ ಹಾಕುವ ಡ್ರಾಪ್ಸ್‌ಗಳಲ್ಲಿ ಪರ್ಮೆತ್ರಿನ್. ಮನುಷ್ಯರ ಕಜ್ಜಿಗೆ ಕೊಡುವ ಲೋಷನ್ನಿನಲ್ಲೂ ಪರ್ಮೆತ್ರಿನ್ನೇ. ಇವೆಲ್ಲ ಒಂದೇ ಮನೆತನದವು. ದನ, ನಾಯಿ ಇದನ್ನು ಒಡೆದು ಹೊರಹಾಕುತ್ತವೆ. ಬೆಕ್ಕಿನ ಲಿವರ್‌ಗೆ ಇಲ್ಲೂ ಅದೇ ಕೊರತೆ. ಕಿವಿ, ಮುಖದ ಚರ್ಮ ಅದುರಲು ಶುರುವಾಗುತ್ತದೆ. ಆಮೇಲೆ ಮೈಯೆಲ್ಲ ನಡುಕ, ಫಿಟ್ಸ್. ದನಕ್ಕೆ ಕಲಸಿದ್ದು ಉಳಿಯಿತು ಅಂತ ಬೆಕ್ಕಿಗೂ ಸವರಿ, ರಾತ್ರಿ ಹನ್ನೊಂದಕ್ಕೆ ಗೋಣಿಚೀಲದಲ್ಲಿ ಸುತ್ತಿ ತಂದವರಿದ್ದಾರೆ. ಆ ಬೆಕ್ಕು ಚೀಲದೊಳಗೆ ನಡುಗುತ್ತಿದ್ದದ್ದು ಹೊರಗಿನಿಂದಲೇ ಕಾಣುತ್ತಿತ್ತು.

ಡೆಪಾ ಎಣ್ಣೆಯೂ ಬೇಡ. ಅದು ಕಾಡಿಗೆ, ತೋಟಕ್ಕೆ ಹೋಗುವ ಮನುಷ್ಯರ ಕೈಕಾಲಿಗೆ ಅಂತ ಮಾಡಿದ್ದು. ನೀವು ತಪ್ಪದೆ ಹಚ್ಚಿಕೊಳ್ಳಿ, ಮಂಗನ ಕಾಯಿಲೆ ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ಆದರೆ ನಾವು ಹಚ್ಚಿಕೊಂಡದ್ದನ್ನು ನೆಕ್ಕುವುದಿಲ್ಲ, ಬೆಕ್ಕು ನೆಕ್ಕುತ್ತದೆ. ಇದೇ ಜಾತಿಯ ಡೀಟ್ ಅನ್ನುವ ಸೊಳ್ಳೆ ಔಷಧಿಯಿಂದ ಬೆಕ್ಕುಗಳಿಗೆ ನಡುಕ, ವಾಂತಿ ಬಂದದ್ದಿದೆ. ತೋಟದಿಂದ ಬಂದವರು ಕೈಕಾಲು ತೊಳೆದು ಬೆಕ್ಕನ್ನು ಎತ್ತಿಕೊಳ್ಳಿ.

ಹಳ್ಳಿಯ ಉಪಾಯಗಳಲ್ಲಿ ಹೊಗೆಸೊಪ್ಪಿನ ನೀರು, ಸೀಮೆಎಣ್ಣೆ ಎರಡನ್ನೂ ಪೂರ್ತಿ ಬಿಡಬೇಕು. ಹೊಗೆಸೊಪ್ಪಿನ ನಿಕೋಟಿನ್ ಚರ್ಮದಿಂದಲೇ ಒಳಗೆ ಹೋಗುತ್ತದೆ. ಸೀಮೆಎಣ್ಣೆ ನೆಕ್ಕಿದ ಬೆಕ್ಕಿಗೆ ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಬೇವಿನ ಎಣ್ಣೆ ಗಿಡದಿಂದ ಬಂದದ್ದು, ಏನೂ ಆಗಲ್ಲ ಅಂತಾರೆ. ಅದರಿಂದಲೂ ಜೊಲ್ಲು, ನಡುಕ ಬಂದ ಬೆಕ್ಕುಗಳಿವೆ. ಹಾಗಾದರೆ ದಾರಿ ಏನು? ಉಣುಗು ಐದಾರು ಇದ್ದರೆ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನಿಧಾನವಾಗಿ ಎಳೆಯಿರಿ. ಗ್ಲೌಸ್ ಹಾಕಿಕೊಳ್ಳಿ, ಬೆರಳಲ್ಲಿ ಹಿಚುಕಬೇಡಿ. ಜಾಸ್ತಿ ಇದ್ದರೆ ಬೆಕ್ಕಿಗೂ ಆಗುತ್ತದೆ ಅಂತ ಲೇಬಲ್ಲಿನಲ್ಲಿ ಬರೆದಿರುವ ಫಿಪ್ರೊನಿಲ್ ಔಷಧಿ ಇದೆ, ತೂಕ ಹೇಳಿ ವೈದ್ಯರಿಂದ ಬರೆಸಿಕೊಳ್ಳಿ. ಮನೆಯ ನಾಯಿಗೆ ಪರ್ಮೆತ್ರಿನ್ ಡ್ರಾಪ್ಸ್ ಹಾಕಿದರೆ ಮೂರು ದಿನ ಬೆಕ್ಕನ್ನು ಅದರ ಜೊತೆ ಮಲಗಲು ಬಿಡಬೇಡಿ.

ನೀವು ಕೇಳದಿದ್ದರೂ ಮನೆಯ ಕಪಾಟಿನ ಇನ್ನು ಕೆಲವನ್ನು ಹೇಳಿಬಿಡುತ್ತೇನೆ. ನೆಗಡಿಯಾದ ಬೆಕ್ಕಿನ ಎದೆಗೆ ವಿಕ್ಸ್ ತಿಕ್ಕುವವರಿದ್ದಾರೆ. ಅದರಲ್ಲಿ ಕರ್ಪೂರ, ಮೆಂಥಾಲ್, ನೀಲಗಿರಿ ಎಣ್ಣೆ ಇದೆ. ಕರ್ಪೂರ ನರಕ್ಕೆ ಹತ್ತಿ ಫಿಟ್ಸ್ ತರಬಲ್ಲದು. ಬಚ್ಚಲುಮನೆಯಲ್ಲಿ ಬರೀ ಬಿಸಿನೀರು ಬಿಟ್ಟು ಹಬೆ ತುಂಬಿಸಿ ಹತ್ತು ನಿಮಿಷ ಬೆಕ್ಕಿನ ಜೊತೆ ಕೂತರೆ ಸಾಕು. ಗಾಯಕ್ಕೆ ಡೆಟಾಲ್ ಹಾಕಬೇಡಿ, ನೆಕ್ಕಿದರೆ ನಾಲಿಗೆಯೇ ಸುಡುತ್ತದೆ. ಫಿನೈಲ್ ಹಾಕಿ ಒರೆಸಿದ ನೆಲ ಒಣಗುವವರೆಗೆ ಬೆಕ್ಕನ್ನು ಹೊರಗಿಡಿ, ಪಾದಕ್ಕೆ ಹತ್ತಿದ್ದು ಬಾಯಿಗೆ ಹೋಗುತ್ತದೆ. ವಾರಕ್ಕೊಂದು ಅಂತ ಡಾಕ್ಟರು ಬರೆದುಕೊಡುವ ವಿಟಮಿನ್ ಡಿ 60,000 ಯೂನಿಟ್ಟಿನ ಪುಡಿಯನ್ನು ಹಾಲಿಗೆ ಕಲಸಿ ಅರ್ಧ ಕುಡಿದು ಇಟ್ಟು ಹೋಗುತ್ತಾರೆ, ಬೆಕ್ಕು ಆ ಲೋಟಕ್ಕೆ ಬಾಯಿ ಹಾಕುತ್ತದೆ. ಅದರಿಂದ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಕೆಡಬಹುದು. ಮನೆಯ ಹುಡುಗರು ಕೂದಲು ಬೆಳೆಯಲು ಹಚ್ಚಿಕೊಳ್ಳುವ ಮಿನಾಕ್ಸಿಡಿಲ್ ಇನ್ನೂ ಕೆಟ್ಟದ್ದು. ದಿಂಬಿಗೆ ಹತ್ತಿದ ಸ್ವಲ್ಪವನ್ನು ನೆಕ್ಕಿದರೂ ಬೆಕ್ಕಿನ ಬಿ.ಪಿ. ಕುಸಿದು ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹುಳಕ್ಕೆ ಅಂತ ಬೆಳ್ಳುಳ್ಳಿ, ಈರುಳ್ಳಿ ರಸ ಕುಡಿಸುವುದೂ ರಕ್ತಕಣ ಒಡೆಯುತ್ತದೆ. ಕೆ.ಜಿ. ತೂಕಕ್ಕೆ 5 ಗ್ರಾಂ ಈರುಳ್ಳಿ ಸಾಕು.

ಇಂಥದ್ದು ನಡೆದುಹೋದರೆ ಏನು ಮಾಡಬೇಕು? ಹೊಟ್ಟೆಗೆ ಹೋಗಿದ್ದರೆ ವಾಂತಿ ಮಾಡಿಸಲು ಉಪ್ಪುನೀರು, ಹುಣಸೆಹುಳಿ, ಬೆರಳು ಯಾವುದೂ ಬೇಡ. ಉಪ್ಪೇ ಬೆಕ್ಕಿಗೆ ಇನ್ನೊಂದು ವಿಷವಾಗುತ್ತದೆ. ಹಾಲು ವಿಷ ಕೊಲ್ಲುತ್ತದೆ ಅನ್ನುವುದೂ ಬರೀ ನಂಬಿಕೆ. ಉಸಿರಿಗೆ ಒದ್ದಾಡುವ ಬೆಕ್ಕಿಗೆ ಹಾಲು ಹಾಕಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಮೈಗೆ ಹತ್ತಿದ್ದರೆ ಮಾತ್ರ ಮನೆಯಲ್ಲಿ ಮಾಡಬಹುದಾದ ಕೆಲಸ ಇದೆ: ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ದ್ರವ, ಎರಡು ಸಲ ತೊಳೆದು ಟವೆಲ್ಲಿನಲ್ಲಿ ಒರೆಸಿ ಬೆಚ್ಚಗೆ ಸುತ್ತಿ. ಆಗಲೇ ನಡುಕ ಜೋರಾಗಿದ್ದರೆ ಮೊದಲು ಆಸ್ಪತ್ರೆ, ಆಮೇಲೆ ಸ್ನಾನ.

ನಿಮ್ಮ ಊರಿನಿಂದ ಬಾಳೆಹೊನ್ನೂರು, ಆಲ್ದೂರು ಮೇಲೆ ಚಿಕ್ಕಮಗಳೂರಿಗೆ ಬರಲು ಮಳೆಗಾಲದಲ್ಲಿ ಎಷ್ಟು ಹೊತ್ತಾಗುತ್ತದೆ ಅಂತ ನನಗೆ ಗೊತ್ತು. ಅದಕ್ಕೇ ಹೊರಡುವ ಮೊದಲು ಫೋನ್ ಮಾಡಿ. ಯಾವ ಮಾತ್ರೆ, ಎಷ್ಟು ಮಿ.ಗ್ರಾಂ., ಎಷ್ಟು ಹೊತ್ತಿಗೆ, ಬೆಕ್ಕಿನ ತೂಕ ಎಷ್ಟು, ಈ ನಾಲ್ಕು ಹೇಳಿ, ಸ್ಟ್ರಿಪ್ಪಿನ ಫೋಟೊ ಕಳಿಸಿ. "ಅಸಿಟೈಲ್‌ಸಿಸ್ಟೀನ್ ಇದೆಯಾ?" ಅಂತ ಕೇಳಿ. ಇಲ್ಲದಿದ್ದರೆ ನೀವು ದಾರಿಯಲ್ಲಿರುವಾಗ ಅವರು ತರಿಸಿಡುತ್ತಾರೆ. ಹತ್ತಿರದ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮುಂದೆ ಹೋಗುವುದೂ ಒಂದು ದಾರಿ. 1962ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು. ಹಾಸನದ ಕಡೆಯವರಿಗೆ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮಾತ್ರೆ ನುಂಗಿ ಇನ್ನೂ ಚೆನ್ನಾಗಿಯೇ ಇದೆ, ಬೆಳಗ್ಗೆ ನೋಡೋಣ ಅಂತ ಕಾಯಬೇಡಿ. ಲಕ್ಷಣ ಕಾಣುವ ಮೊದಲೇ ಬಂದ ಬೆಕ್ಕಿಗೆ ನಾವು ಔಷಧಿ ಕೊಟ್ಟು ವಾಂತಿ ಮಾಡಿಸಬಹುದು, ಇದ್ದಿಲು ಪುಡಿ ಕುಡಿಸಬಹುದು. ಗಂಟೆಗಳು ಕಳೆದ ಮೇಲೆ ಅದರಿಂದ ಅಷ್ಟು ಉಪಯೋಗವಿಲ್ಲ.

ಮನೆಯಲ್ಲಿ ಯಾವ ಔಷಧಿ ಇಟ್ಟುಕೊಳ್ಳಬಹುದು ಅಂದಿರಿ. ಬಾಯಿಗೆ ಹಾಕುವಂಥದ್ದು ಯಾವುದೂ ಬೇಡ. ಒಂದು ಡಿಜಿಟಲ್ ಥರ್ಮಾಮೀಟರ್ ಬೆಕ್ಕಿಗೇ ಅಂತ ತೆಗೆದಿಡಿ, ಗುದದ್ವಾರದಲ್ಲಿ ತಾಪ ನೋಡುವುದನ್ನು ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಕಲಿಯಿರಿ. ಗಾಯ ತೊಳೆಯಲು ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಪ್ಪಟೆ ಟೀ ಚಮಚ ಉಪ್ಪು ಸಾಕು. ಒಂದು ಸಣ್ಣ ಹಲ್ಲಿನ ಬಾಚಣಿಗೆ, ಚಿಮಟ. ತಿಂಗಳಿಗೊಮ್ಮೆ ಬೆಕ್ಕನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು, ಕಳೆದು ತೂಕ ಬರೆದಿಡಿ. ಇನ್ನೊಂದು ಅಭ್ಯಾಸ: ಬೆಕ್ಕು ಚೆನ್ನಾಗಿರುವಾಗಲೇ ತುಟಿ ಎತ್ತಿ ವಸಡಿನ ಬಣ್ಣ ನೋಡಿಟ್ಟುಕೊಳ್ಳಿ. ತಿಳಿ ಗುಲಾಬಿ ಇರಬೇಕು. ಚೆನ್ನಾಗಿದ್ದಾಗಿನ ಬಣ್ಣ ಗೊತ್ತಿದ್ದರೆ ಕೆಟ್ಟಾಗ ಒಂದೇ ನೋಟಕ್ಕೆ ತಿಳಿಯುತ್ತದೆ.

ಚಿಂಗಿ ಈಗ ತಿನ್ನುತ್ತಿದೆ, ವಸಡು ಗುಲಾಬಿಯಾಗಿದೆ ಅಂದರೆ ದೊಡ್ಡ ಗಂಡಾಂತರ ಕಳೆಯಿತು. ಆದರೂ ಒಂದು ಸಲ ರಕ್ತ ಕೊಟ್ಟು ಲಿವರ್, ಕಿಡ್ನಿ ಮತ್ತು ರಕ್ತಕಣಗಳ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕಣ್ಣಿನ ಬಿಳಿ ಭಾಗ ಹಳದಿಯಾಗುತ್ತಿದೆಯಾ, ಮೂತ್ರ ಕಂದಾಗಿದೆಯಾ, ನೀರು ಮೊದಲಿಗಿಂತ ಜಾಸ್ತಿ ಕುಡಿಯುತ್ತಿದೆಯಾ ನೋಡುತ್ತಿರಿ. ಬಾಲದ ಬುಡದ ಗಾಯ ಮೇಲೆ ಮುಚ್ಚಿಕೊಂಡು ಒಳಗೆ ಮತ್ತೆ ಕೀವು ಕಟ್ಟುವುದುಂಟು. ದಿನಾ ಸಂಜೆ ಅಲ್ಲಿ ಒಮ್ಮೆ ಬೆರಳಾಡಿಸಿ ನೋಡಿ. ಅತ್ತೆಯವರ ಮಡಿಲಲ್ಲಿ ಮಲಗಿದ್ದಾಗ ಆದರೆ ಸುಲಭ, ಅವರ ಕೈಗೇ ಈ ಕೆಲಸ ಕೊಡಿ.